ಯಾವ ಎಣ್ಣೆ?

"ಈ ಹಬ್ಬಕ್ಕೆ ನಾನು ಒಲೆ ಹಚ್ಚುವವಳಲ್ಲ" ಅಂದಳು ಉಮ್ಮಿ
ಇಪ್ಪತ್ತಾರನೇ ಉಪವಾಸ ಬಿಡುವ ಹೊತ್ತಿಗೆ,
ಖರ್ಜೂರದ ಬೀಜವನ್ನು ತಟ್ಟೆಯಂಚಿಗೆ ಸರಿಸುತ್ತ.
ಮೈಗೆ ಹುಷಾರಿಲ್ಲವೆ? ಹುಷಾರಾಗೇ ಇದ್ದಾಳೆ.
ಯಾರ ಮೇಲಾದರೂ ಮುನಿಸೆ? ಇಲ್ಲ.
"ಕೂತು ಉಣ್ಣಬೇಕು ಅನ್ನಿಸಿದೆ. ಅಷ್ಟೇ."

ಅಷ್ಟಕ್ಕೇ ಶೆಫೀಲ್ಡಿನ ಈ ಏರುಬೀದಿಯ ಮನೆಯಲ್ಲಿ
ಪಂಚಾಯಿತಿ ಸೇರಿತು.

ನಬೀಲನಿಗೆ ನಾಲೆಯ ದಡದ ಟರ್ಕಿಯವರ ಹೋಟೆಲೇ ಆಗಬೇಕು:
ಇದ್ದಿಲ ಮೇಲೆ ಪಕ್ಕೆಲುಬು, ಬಣ್ಣದ ಲಾಂದ್ರ.
"ಅಲ್ಲಿ ಕಪಾಟಿನ ತುಂಬ ಶೀಶೆ" ಅಂದ ಮುಕ್ಬಿಲ್ ಚಿಕ್ಕಪ್ಪ,
ಉಕ್ಕಿನ ಕುಲುಮೆಯೆದುರು ಮೂವತ್ತು ವರ್ಷ ನಿಂತು
ಈಗ ಯಾವುದಕ್ಕೂ ಬಗ್ಗದ ಮನುಷ್ಯ, ಮಂಡಿ ಸಮೇತ.
ಅತ್ತಿಗೆ ರುಖ್ಸಾರಳ ತವರು ಮೀರ್‌ಪುರ:
"ಅನ್ನಕ್ಕೆ ದ್ರಾಕ್ಷಿ ಹಾಕಿ ಹಬ್ಬ ಅನ್ನುತ್ತೀರಿ ನೀವು ಯೆಮೆನಿಗಳು,
ನಮ್ಮ ಮಾವನ ಶಾದಿಮಹಲಿಗೆ ಬನ್ನಿ, ಖಾರ ಅಂದರೇನು ತೋರಿಸುತ್ತೇನೆ."
ಶಾದಿಮಹಲಿಗೆ ಮೆಟ್ಟಿಲು ಹದಿನೇಳು. ಚಿಕ್ಕಪ್ಪನ ಮಂಡಿ ಒಪ್ಪಲಿಲ್ಲ.
ಇನ್ನೊಂದು ಕಡೆ ಗೋಡೆಯ ಸರ್ಟಿಫಿಕೇಟಿನ ತಾರೀಖು ಸತ್ತು ಎರಡು ವರ್ಷ.
ಮತ್ತೊಂದು ಕಡೆ ಎಲ್ಲದಕ್ಕೂ ಶೇಂಗಾ; ಲಯಾನಳ ಗಂಟಲು ಊದುತ್ತದೆ.

ಕೊಯ್ಯುವ ಮುಂಚೆ ಕುರಿಗೆ ಕರೆಂಟು ಕೊಡುತ್ತಾರೋ ಇಲ್ಲವೋ
ಎಂದು ವದ್ದಾಹ ಫೋನಿನಲ್ಲಿ ಕೇಳಿದ.
ಆ ಕಡೆಯ ಹುಡುಗಿ ಬಹಳ ಯೋಚಿಸಿ,
"ಸರ್, ನಾನು ಶನಿವಾರ ಮಾತ್ರ ಬರುವವಳು" ಅಂದಳು.

ಸರಿ, ಹತ್ತೊಂಬತ್ತು ಜನಕ್ಕೆ ಮೇಜು, ಯಾವ ದಿನಕ್ಕೆ?
ಚಂದ್ರ ಕಂಡ ಮೇಲೆ ಹೇಳುತ್ತೇವೆ.
ಯಾರಿಗೆ ಕಂಡ ಮೇಲೆ?
(ನಮ್ಮ ಬೀದಿಯ ಎರಡು ಮಸೀದಿಗಳಿಗೆ
ಒಂದೇ ಚಂದ್ರ ಕಂಡದ್ದು ನನ್ನ ನೆನಪಿನಲ್ಲಿ ಮೂರೇ ಸಲ.)

ನಾನು ಪಟ್ಟಿ ಬರೆಯುತ್ತಿದ್ದೆ: ಯಾರಿಗೇನು ಆಗದು, ಯಾರಿಗೇನು ಬೇಕು.
ಉಮ್ಮಿಯ ಹೆಸರಿನ ಮುಂದೆ
ನನ್ನದೇ ಅಕ್ಷರದಲ್ಲಿತ್ತು: "ಏನಾದರೂ ಆದೀತು."

ಆಗ ಅವಳು, ಗ್ಲಾಸು ತೊಳೆಯುತ್ತಲೇ, "ಮೀನು" ಅಂದಳು.
"ಮೂಲೆಯಂಗಡಿಯದು. ಚಿಪ್ಸ್ ಜೊತೆ."

ಚಾಕುಚಮಚದ ಕಾರ್ಖಾನೆಯಲ್ಲಿ ಸಂಜೆಪಾಳಿ ಮುಗಿಸಿ
ಬರುತ್ತಿದ್ದಳಂತೆ, ಈ ದೇಶಕ್ಕೆ ಬಂದ ಹೊಸತು, ಬೆರಳಲ್ಲಿ ಪಾಲಿಶಿನ ಕಪ್ಪು.
ಗಾಜಿನ ಬಾಗಿಲಾಚೆ ಬಿಸಿ ಆವಿ, ವಿನೆಗರ್.
ಗೊತ್ತಿದ್ದ ಎಂಟು ಇಂಗ್ಲಿಷ್ ಪದಗಳಲ್ಲಿ ಎರಡು ಖರ್ಚುಮಾಡಿ
ಕೇಳಿದಳಂತೆ: "ಯಾವ ಎಣ್ಣೆ?"
ಅಂಗಡಿಯ ಮುದುಕ ಸುಳ್ಳು ಹೇಳಬಹುದಿತ್ತು, ವ್ಯಾಪಾರ ಆಗುತ್ತಿತ್ತು.
"ದನದ ಕೊಬ್ಬು, ತಾಯಿ. ನಿಮಗಾಗದು" ಅಂದನಂತೆ.
ನಾಣ್ಯ ಮುಷ್ಟಿಯಲ್ಲೇ ಬೆಚ್ಚಗಾಗಿ ಮನೆಗೆ ಬಂತು.

"ಆಮೇಲೆ ದಿನಾ ಆ ಬಾಗಿಲ ಮುಂದೆ ನಿಧಾನ ನಡೆಯುತ್ತಿದ್ದೆ.
ವಾಸನೆಗೆ ಹಲಾಲು ಹರಾಮು ಇಲ್ಲವಲ್ಲ."

ಚಿಕ್ಕಪ್ಪ ಕೋಟು ಹಾಕಿ ಹೊರಟೇಬಿಟ್ಟ, ತನಿಖೆಗೆ.
ಮುದುಕನ ಮೊಮ್ಮಗಳು ಡಬ್ಬ ತಿರುಗಿಸಿ ತೋರಿಸಿದಳು: ಸೂರ್ಯಕಾಂತಿ.
ಹಿಟ್ಟಿಗೆ ಬಿಯರ್? ಇಲ್ಲ, ಸೋಡಾ.
ಮೀನಿಗೆ ಕೊಯ್ಯುವ ತಕರಾರೇ ಇಲ್ಲ.
ಕಳ್ಳ ಸಿಗದ ಪೊಲೀಸಿನವನ ಹಾಗೆ ಮರಳಿ
"ಎಲ್ಲ ಸರಿಯಿದೆ" ಅಂದ, ಬೇಸರದಿಂದ.

ಈದಿನ ದಿನ ಅತ್ತರು ಪೂಸಿದ ಹತ್ತೊಂಬತ್ತು ಮಂದಿ,
ಹೊಸ ಬಟ್ಟೆ, ಕೊರೆವ ಗಾಳಿ, ಅಂಗಡಿಯಲ್ಲಿ ಇದ್ದದ್ದು ನಾಲ್ಕು ಸ್ಟೂಲು.
ಮಿಕ್ಕವರು ಹೊರಗೆ, ಗೋಡೆಗೊರಗಿ.
ಹಂಚಲೆಂದು ಉಮ್ಮಿ ಎರಡು ಸಲ ಎದ್ದಳು;
ಎರಡು ಸಲವೂ ರುಖ್ಸಾರ್ ಭುಜ ಅದುಮಿ ಕೂರಿಸಿದಳು.

ಮೊದಲ ತುಂಡು. ಮದರಂಗಿಯ ಬೆರಳಿಗೆ ವಿನೆಗರ್.
ನಾವೆಲ್ಲ ಅಗಿಯುವುದು ನಿಲ್ಲಿಸಿ ನೋಡಿದೆವು.
ಬಹಳ ಹೊತ್ತು ಅಗಿದು, ನನ್ನ ಕಿವಿಗೆ ಬಾಗಿ,
ಚಿಕ್ಕಪ್ಪನಿಗೆ ಕೇಳದ ಹಾಗೆ:
"ಆಗಿನ ವಾಸನೆ ಇದಕ್ಕಿಲ್ಲ ಕಣೇ."

ಆಮೇಲೆ, ಇನ್ನೊಂದು ಪೊಟ್ಟಣ ತರಿಸು, ಅಂದಳು.